ತಾಯಿ ಕಾರ್ಡ್ ಎಸೆಯಬೇಡಿ: ಬಸಿರಿನ ಬಿಪಿ ಮತ್ತು ಆಮೇಲಿನ ವರ್ಷಗಳು

ನನ್ನ ಮಾತನ್ನು ಒಂದು ಬೆಂಚಿನಿಂದ ಶುರು ಮಾಡುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಕಡೆ, ಪರೀಕ್ಷೆ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು ಇತ್ತು. ಬಸುರಿಯರ ಜೊತೆ ಬಂದವರು ಕೂರುವ ಜಾಗ. ಅಮ್ಮ, ಅತ್ತೆ, ಅಜ್ಜಿ, ಅಪರೂಪಕ್ಕೆ ಗಂಡ. ಅವತ್ತು ತಿಂಗಳ 9ನೇ ತಾರೀಖು. ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರಿಗೆ ಆ ದಿನ ಹೇಗಿರುತ್ತದೆ ಅಂತ ಗೊತ್ತು. ಬಸುರಿಯರ ತಪಾಸಣೆಯ ದಿನ, ಸಂತೆಯಂತೆ ಜನ. ಒಬ್ಬ ಹುಡುಗಿ ಬಂದಳು. 22 ವರ್ಷ, ಚೊಚ್ಚಲು, ಏಳು ತಿಂಗಳು ತುಂಬಿತ್ತು. ಬಿಪಿ 130/84. ತಾಯಿ ಕಾರ್ಡಿನಲ್ಲಿ ಹಿಂದಿನ ತಿಂಗಳ ಲೆಕ್ಕ ನೋಡಿದರೆ 108/68. ಕಾಯಿಲೆ ಅನ್ನುವಷ್ಟು ಏರಿರಲಿಲ್ಲ, ಆದರೆ ನನಗೆ ಯಾಕೋ ಇಷ್ಟವಾಗಲಿಲ್ಲ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಬಸಿರಲ್ಲಿ ಬಿಪಿ ಬಂದಿತ್ತೇನಮ್ಮಾ?" ಅಂತ ಕೇಳಿದೆ. "ಅಮ್ಮನ್ನ ಕೇಳ್ಬೇಕು ಮೇಡಂ, ಹೊರಗೆ ಕೂತವ್ರೆ" ಅಂದಳು.

ಅಮ್ಮನನ್ನು ಕರೆಸಿದೆ. 43 ವರ್ಷದ ಸಣಕಲು ಹೆಂಗಸು. "ಇವಳನ್ನ ಹೆರುವಾಗ ನಂಗೆ ಫಿಟ್ಸ್ ಬಂದಿತ್ತಂತೆ. ನಂಗೇನೂ ಗೊತ್ತಿಲ್ಲ. ಎರಡು ದಿನ ಆದ್ಮೇಲೆ ಎಚ್ಚರ ಆಗಿದ್ದು. ಮಗು ಮುಖ ಆಗ್ಲೇ ನೋಡಿದ್ದು."

"ಆಮೇಲೆ ಬಿಪಿ ನೋಡಿಸಿದ್ರಾ?"

"ಯಾಕೆ ನೋಡಿಸ್ಲಿ? ಚೆನ್ನಾಗೇ ಇದ್ನಲ್ಲ."

ಕೈ ಚಾಚಲು ಹೇಳಿ ಪಟ್ಟಿ ಸುತ್ತಿದೆ. 190/110. ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ. 186/110. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್. ಆಕೆ ಬಂದದ್ದು ಮಗಳ ಚೀಲ ಹಿಡಿದುಕೊಳ್ಳಲು. ತನಗೂ ಒಂದು ಕಾಯಿಲೆ ಇದೆ ಅಂತ ಆಕೆಗೆ ಗೊತ್ತೇ ಇರಲಿಲ್ಲ.

ಆ 22 ವರ್ಷಗಳಲ್ಲಿ ಆಕೆ ಆಸ್ಪತ್ರೆ ನೋಡೇ ಇರಲಿಲ್ಲ ಅಂತಲ್ಲ. ಎರಡನೇ ಹೆರಿಗೆಯಾಯಿತು. ಆಪರೇಷನ್ ಆಯಿತು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಹೋಗಿದ್ದಳು, ಮಕ್ಕಳ ಜ್ವರಕ್ಕೆ ಎಷ್ಟು ಸಲವೋ. ಆಪರೇಷನ್ ಆದ ಮೇಲೆ ಆಕೆಯ ತೋಳಿಗೆ ಯಾರೂ ಬಿಪಿ ಪಟ್ಟಿ ಕಟ್ಟಿರಲಿಲ್ಲ. ಆಕೆಯನ್ನು ಬೈದು ಏನು ಪ್ರಯೋಜನ? ಮೊದಲ ಹೆರಿಗೆಯಾದಾಗ ಆಕೆಗೆ "ಎಲ್ಲ ಸರಿಹೋಯ್ತು, ಮನೆಗೆ ಹೋಗು" ಅಂದಿದ್ದು ನನ್ನಂಥ ಡಾಕ್ಟರೇ. ನಾನೂ ನೂರಾರು ಜನರಿಗೆ ಅದೇ ಮಾತು ಹೇಳಿ ಕಳಿಸಿದ್ದೇನೆ. ನಮಗೆ ಓದಿನಲ್ಲಿ ಹೇಳಿಕೊಟ್ಟದ್ದೇ ಹಾಗೆ: ಹೆರಿಗೆಯೇ ಈ ಕಾಯಿಲೆಗೆ ಔಷಧ, ಕಸ, ಅಂದರೆ ಮಾಸು, ಬಿದ್ದರೆ ಕಾಯಿಲೆ ಹೋಯಿತು. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ಬಿಪಿ ಅಂದರೇನು ಅನ್ನುವುದನ್ನು ಸರಿಮಾಡಿಕೊಳ್ಳೋಣ. ನಮ್ಮ ಮಾತಿನಲ್ಲಿ ಬಿಪಿ ಅಂದರೆ ಸಿಟ್ಟು. "ಅವನನ್ನ ನೋಡಿದ್ರೆ ನಂಗೆ ಬಿಪಿ ಏರುತ್ತೆ" ಅಂತೀವಲ್ವಾ? ಹಾಗಾಗಿ ಬಸುರಿಗೆ ಬಿಪಿ ಇದೆ ಅಂದ ತಕ್ಷಣ ಮನೆಯವರು "ತುಂಬಾ ಟೆನ್ಷನ್ ಮಾಡ್ಕೋತಾಳೆ ಮೇಡಂ" ಅಂತ ಶುರುಮಾಡುತ್ತಾರೆ. ತಪ್ಪೆಲ್ಲ ಅವಳ ಸ್ವಭಾವದ ಮೇಲೆ. ಇದು ಸ್ವಭಾವದ ಕಾಯಿಲೆಯಲ್ಲ, ರಕ್ತನಾಳದ ಕಾಯಿಲೆ.

ಬಸಿರಿನಲ್ಲಿ ಸಾಮಾನ್ಯವಾಗಿ ಬಿಪಿ ಇಳಿಯುತ್ತದೆ. ರಕ್ತನಾಳಗಳು ಸಡಿಲವಾಗುತ್ತವೆ. ಐದನೇ ತಿಂಗಳ ಸುಮಾರಿಗೆ ತೀರ ಕೆಳಗಿರುತ್ತದೆ, ಕೊನೆಯ ಎರಡು ಮೂರು ತಿಂಗಳಲ್ಲಿ ಮೊದಲಿದ್ದ ಮಟ್ಟಕ್ಕೆ ಬರುತ್ತದೆ. 20 ವಾರ ಆದಮೇಲೆ 140/90 ಮುಟ್ಟಿದರೆ ಅದು ಬಸಿರಿನ ಬಿಪಿ. ಒಂದೇ ಸಲ ನೋಡಿ ತೀರ್ಮಾನ ಮಾಡುವುದಿಲ್ಲ, ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡುತ್ತೇವೆ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ಏರುಪೇರಾಗಿದ್ದರೆ ಅದು ಪ್ರೀಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. 160/110 ಮುಟ್ಟಿದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಒಂದು ಗಂಟೆಯೊಳಗೆ ಔಷಧ ಹೋಗಬೇಕು. ಲೆಕ್ಕ ಇಷ್ಟೇ, ಇದಕ್ಕಿಂತ ಜಾಸ್ತಿ ನೆನಪಿಡಬೇಕಿಲ್ಲ.

ಎಕ್ಲಾಂಪ್ಸಿಯಾ ಅನ್ನುವ ಹೆಸರು ಗ್ರೀಕ್ ಭಾಷೆಯದ್ದು. ಮಿಂಚು ಅಂತ ಅರ್ಥ. ಚೆನ್ನಾಗಿ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಸೆಟೆದು ಬೀಳುತ್ತಾಳಲ್ಲ, ಅದಕ್ಕೆ. ಹಳಬರು ಇದಕ್ಕೆ ಟಾಕ್ಸೀಮಿಯಾ ಅಂತಿದ್ದರು, ಅಂದರೆ ರಕ್ತದಲ್ಲಿ ವಿಷ. ನಮ್ಮಲ್ಲಿ ಅದು ನಂಜು ಆಯಿತು. ಈ ನಂಜು ಅನ್ನುವ ಪದ ಎಷ್ಟು ತೊಂದರೆ ಕೊಟ್ಟಿದೆ ಗೊತ್ತಾ? ನಂಜು ಅಂದ ಕೂಡಲೇ ಮನೆಯಲ್ಲಿ ಬದನೆಕಾಯಿ ಬಂದ್. ಆಮೇಲೆ ಉಪ್ಪು ಬಂದ್. ಪಾಪ, ಆ ಹುಡುಗಿ ಸಪ್ಪೆ ಗಂಜಿ ಕುಡಿದುಕೊಂಡು ಇರಬೇಕು. ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಬಸಿರಿನಲ್ಲಿ ಉಪ್ಪು ಪೂರ್ತಿ ಬಿಡಿಸಿದರೂ ಈ ಕಾಯಿಲೆ ತಡೆಯುವುದಿಲ್ಲ. ಎಲ್ಲರೂ ತಿನ್ನುವಷ್ಟು ತಿನ್ನಲಿ, ಉಪ್ಪಿನಕಾಯಿ ಹಪ್ಪಳ ಕಡಿಮೆ ಇರಲಿ, ಸಾಕು.

ಆ ವಿಷ ಯಾವುದು ಅಂತ ಡಾಕ್ಟರುಗಳು ಬಹಳ ಕಾಲ ಹುಡುಕಿದರು. ಷಿಕಾಗೋದ ಒಂದು ಹಳೆಯ ಹೆರಿಗೆ ಆಸ್ಪತ್ರೆಯ ಗೋಡೆಯಲ್ಲಿ ಈ ವಿದ್ಯೆಯ ದೊಡ್ಡವರ ಹೆಸರು ಕೆತ್ತಿ, ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಎಕ್ಲಾಂಪ್ಸಿಯಾಕ್ಕೆ ಕಾರಣ ಕಂಡುಹಿಡಿದವರ ಹೆಸರು ಅಲ್ಲಿ ಬರಬೇಕಂತೆ. ಆ ಜಾಗ ತುಂಬದಿದ್ದರೂ ಅರ್ಧ ದಾರಿ ಬಂದಿದ್ದೇವೆ.

ಕಾಲುವೆ ನೀರಿನ ಜಗಳ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಸ ಅಂತೀವಲ್ಲ, ಮಾಸು, ಅದು ಕಾಲುವೆಯ ಕೊನೆಯ ಗದ್ದೆ ಇದ್ದ ಹಾಗೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ಗರ್ಭಕೋಶದ ಸಣ್ಣ ಸುರುಳಿ ರಕ್ತನಾಳಗಳನ್ನು ಅಗಲ ಮಾಡಿಕೊಳ್ಳಬೇಕು. ಕಿರುಗಾಲುವೆ ದೊಡ್ಡ ಕಾಲುವೆ ಆಗಬೇಕು. ಕೆಲವರಲ್ಲಿ ಅದು ಸರಿಯಾಗಿ ಆಗುವುದಿಲ್ಲ. ಕೊನೆಯ ಗದ್ದೆಗೆ ನೀರು ಸಾಲದಿದ್ದರೆ ರೈತ ಏನು ಮಾಡುತ್ತಾನೆ? ಗಲಾಟೆ ಮಾಡುತ್ತಾನೆ. ಮಾಸೂ ಹಾಗೆಯೇ, ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವು ಮೈತುಂಬ ಇರುವ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಸೋರುವುದು, ಕಣ್ಣು ಮಂಜಾಗುವುದು, ಎಲ್ಲ ಅದರಿಂದಲೇ. ಇಂಥ ಒಂದು ಪ್ರೋಟೀನನ್ನು ಬಾಸ್ಟನ್‌ನಲ್ಲಿದ್ದ ಅನಂತ್ ಕರುಮಂಚಿ ಮತ್ತು ಅವರ ಜೊತೆಯವರು 2003ರಲ್ಲಿ ಗುರುತಿಸಿದರು. ಇವರು ಕಿಡ್ನಿ ಡಾಕ್ಟರು, ಹೆರಿಗೆ ಡಾಕ್ಟರಲ್ಲ. ನಮ್ಮ ಕಾಯಿಲೆಯ ಗುಟ್ಟನ್ನು ಕಿಡ್ನಿಯವರು ಬಿಡಿಸಿದರಲ್ಲ ಅಂತ ನಮಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

"ದಪ್ಪಗಿರೋರಿಗೆ, ಕೂತಲ್ಲೇ ಕೂರೋರಿಗೆ ಬರುತ್ತೆ" ಅಂತ ಯಾರಾದರೂ ಹೇಳಿದರೆ ಅಲಿಸನ್ ಫೆಲಿಕ್ಸ್ ಹೆಸರು ಹೇಳಿ. ಅಮೆರಿಕದ ಓಟಗಾರ್ತಿ, ಒಲಿಂಪಿಕ್ಸ್‌ನಲ್ಲಿ ಚಿನ್ನದ ಮೇಲೆ ಚಿನ್ನ ಗೆದ್ದವಳು. 2018ರಲ್ಲಿ ಪ್ರೀಎಕ್ಲಾಂಪ್ಸಿಯಾ ಬಂದು, 32ನೇ ವಾರದಲ್ಲೇ ತುರ್ತು ಸಿಸೇರಿಯನ್ ಆಯಿತು. ತಾಯಿ ಮಗು ಉಳಿದರು, ಆಕೆ ಟೋಕಿಯೋದಲ್ಲಿ ಮತ್ತೆ ಓಡಿ ಪದಕ ಗೆದ್ದಳು. ಆಕೆಯ ಜೊತೆ 2016ರ ರಿಯೋ ರಿಲೇಯಲ್ಲಿ ಓಡಿ ಚಿನ್ನ ಗೆದ್ದ ಟೋರಿ ಬೋವಿ ಉಳಿಯಲಿಲ್ಲ. 2023ರಲ್ಲಿ, ತುಂಬು ಬಸುರಿ, ಮನೆಯಲ್ಲಿ ಒಬ್ಬಳೇ ಇದ್ದಾಗ ಸತ್ತಳು. ಎಕ್ಲಾಂಪ್ಸಿಯಾ ಇದ್ದಿರಬಹುದು ಅಂತ ಮರಣೋತ್ತರ ವರದಿಯಲ್ಲಿ ಬರೆದಿದ್ದರು. ಆಕೆಗೆ 32 ವರ್ಷ. ದಪ್ಪಗಿದ್ದರೆ ಅಪಾಯ ಜಾಸ್ತಿ, ಅದು ನಿಜ. ತೆಳ್ಳಗಿದ್ದರೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ನಾನು ಹೇಳಿದ ಆ ಬೆಂಚಿನ ಅಮ್ಮ 45 ಕೆಜಿ ಇದ್ದಳು.

ಫಿಟ್ಸ್ ತಡೆಯುವ ಔಷಧದ ಬಗ್ಗೆ ಒಂದು ಮಾತು, ಯಾಕೆಂದರೆ ಅದು ನನಗೆ ತುಂಬಾ ಇಷ್ಟವಾದ ಔಷಧ. ಮ್ಯಾಗ್ನೀಷಿಯಂ ಸಲ್ಫೇಟ್. ಎಪ್ಸಮ್ ಸಾಲ್ಟ್ ಅಂತೀವಲ್ಲ, ಅದೇ. ತೀರ ಅಗ್ಗ. 1995ರಲ್ಲಿ ಭಾರತವೂ ಸೇರಿ ಒಂಬತ್ತು ದೇಶಗಳಲ್ಲಿ ಮಾಡಿದ ಅಧ್ಯಯನದಲ್ಲಿ ಇದು ಉಳಿದ ಫಿಟ್ಸ್ ಔಷಧಗಳಿಗಿಂತ ಮೇಲು ಅಂತ ಸಾಬೀತಾಯಿತು. 2002ರಲ್ಲಿ 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ ಇನ್ನೊಂದರಲ್ಲಿ, ಪ್ರೀಎಕ್ಲಾಂಪ್ಸಿಯಾ ಇದ್ದವರಿಗೆ ಮುಂಚೆಯೇ ಇದನ್ನು ಕೊಟ್ಟರೆ ಫಿಟ್ಸ್ ಬರುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಅಂತ ಗೊತ್ತಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸ್ ಹಾಕಿ, ಆಮೇಲೆ ಆಂಬುಲೆನ್ಸ್ ಹತ್ತಿಸಬೇಕು. ಹತ್ತಿಸಿದ ಮೇಲೆ ಯೋಚಿಸಿದರೆ ದಾರಿಯಲ್ಲೇ ಮಿಂಚು ಹೊಡೆಯುತ್ತದೆ.

ಸರಿ, ಹೆರಿಗೆ ಆಯಿತು. ಮಗು ಅತ್ತಿತು. ಎಲ್ಲರೂ ಸಿಹಿ ಹಂಚಿದರು. ನಾವು ತಪ್ಪುವುದು ಈಗ.

ಹೆರಿಗೆಯಾದ ಮೂರನೇ ದಿನದಿಂದ ಆರನೇ ದಿನದೊಳಗೆ ಬಿಪಿ ಮತ್ತೆ ಮೇಲಕ್ಕೆ ಹೋಗುತ್ತದೆ. ಬಸಿರಿನಲ್ಲಿ ಮೈಯಲ್ಲಿ ಸೇರಿಕೊಂಡಿದ್ದ ನೀರೆಲ್ಲ ರಕ್ತನಾಳಕ್ಕೆ ವಾಪಸ್ ಬರುವ ಹೊತ್ತು ಅದು. ಸರಿಯಾಗಿ ಅದೇ ಹೊತ್ತಿಗೆ ನಾವು ಏನು ಮಾಡುತ್ತೇವೆ? ಡಿಸ್ಚಾರ್ಜ್ ಮಾಡಿ ತವರಿಗೆ ಕಳಿಸುತ್ತೇವೆ.

ಬಾಣಂತನದ ಬಗ್ಗೆ ನನಗೆ ಗೌರವ ಇದೆ. ಮೂರು ತಿಂಗಳೋ ಐದು ತಿಂಗಳೋ ಒಬ್ಬ ಹೆಂಗಸಿಗೆ ಕಸಗುಡಿಸು, ಪಾತ್ರೆ ತೊಳೆ ಅನ್ನದೆ ಕೂರಿಸಿ ಅನ್ನ ಹಾಕುವ ಪದ್ಧತಿ ಇನ್ನೆಲ್ಲಿದೆ ಹೇಳಿ? ನನ್ನ ಬಾಣಂತನ ನಮ್ಮಮ್ಮ ಮಾಡಿದ್ದು, ಆ ಬಿಸಿನೀರು ಬೆನ್ನಿಗೆ ಬೀಳುತ್ತಿದ್ದ ಸುಖ ಇವತ್ತಿಗೂ ನೆನಪಿದೆ. ಆದರೆ ಆ ಪದ್ಧತಿ ಹುಟ್ಟಿದಾಗ ಬಿಪಿ ಮೆಷಿನ್ ಇರಲಿಲ್ಲ. ಎಣ್ಣೆ ಇದೆ, ಸಾಂಬ್ರಾಣಿ ಇದೆ, ಮೆಣಸು ಬೆಳ್ಳುಳ್ಳಿ ಇದೆ, ಹೊಟ್ಟೆಗೆ ಬಟ್ಟೆ ಕಟ್ಟುವುದಿದೆ. ಬಿಪಿ ನೋಡುವುದಿಲ್ಲ. ಬಾಣಂತಿ "ತಲೆ ಸಿಡೀತಿದೆ" ಅಂದರೆ ಶೀತ ಆಗಿದೆ, ಕಿವಿಗೆ ಹತ್ತಿ ಇಟ್ಟುಕೋ ಅಂತಾರೆ. "ಕಣ್ಣು ಮಂಜು" ಅಂದರೆ ನಿದ್ದೆಗೆಟ್ಟಿದ್ದೀಯ ಅಂತಾರೆ. ಎದೆಗೂಡಿನ ಕೆಳಗೆ ಬಲಗಡೆ ನೋವು ಅಂದರೆ ಗ್ಯಾಸು. ಇಲ್ಲಿ ಕೂತಿರುವ ಅಜ್ಜಿಯಂದಿರಿಗೆ ನನ್ನ ಬೇಡಿಕೆ ಒಂದೇ. ಕಷಾಯ ಕೊಡಿ, ಬೇಡ ಅನ್ನಲ್ಲ. ಕಷಾಯ ಕುದಿಯುವ ಹೊತ್ತಿನಲ್ಲಿ ಯಾರನ್ನಾದರೂ ಕಳಿಸಿ ಬಿಪಿ ನೋಡಿಸಿ. ಮೊದಲ ಹತ್ತು ದಿನ ಇದು ಆಗಲೇಬೇಕು. ಬಸಿರಿನಲ್ಲಿ ಬಿಪಿ ಇಲ್ಲದವಳಿಗೂ ಬಾಣಂತಿಯಾದ ಮೇಲೆ ಫಿಟ್ಸ್ ಬರಬಹುದು.

ಬಾಣಂತನದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಬಸಿರಿನ ಮೊದಲ ಆರು ತಿಂಗಳು ಗಂಡನ ಮನೆಯ ಊರಿನಲ್ಲಿ ಒಬ್ಬ ಡಾಕ್ಟರು. ಸೀಮಂತ ಮುಗಿಸಿ ತವರಿಗೆ ಬಂದರೆ ಇನ್ನೊಬ್ಬರು. ಹೆರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ, ಮೂರನೆಯವರು. ಐದು ತಿಂಗಳಾದ ಮೇಲೆ ತೊಟ್ಟಿಲು ಕಟ್ಟಿಕೊಂಡು ವಾಪಸ್ ಗಂಡನ ಮನೆ. ಆಕೆಗೆ ಬಿಪಿ ಇತ್ತು ಅನ್ನುವ ವಿಷಯ ಈ ನಾಲ್ಕು ಜಾಗಗಳ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಪೂರ್ತಿ ಕತೆ ಬರೆದಿರುವುದು ಒಂದೇ ಕಡೆ, ತಾಯಿ ಕಾರ್ಡಿನಲ್ಲಿ. ಅದನ್ನೋ, ಮಗುವಿನ ಇಂಜೆಕ್ಷನ್ ಎಲ್ಲ ಮುಗಿದ ಮೇಲೆ ಹಳೇ ಪೇಪರಿನ ಜೊತೆ ಹಾಕಿಬಿಡುತ್ತೇವೆ. ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಕಾರ್ಡ್ ಇದೆ, ಕೈ ಎತ್ತಿ ನೋಡೋಣ. ...ಏಳು. ಇಷ್ಟು ದೊಡ್ಡ ಸಭೆಯಲ್ಲಿ ಏಳು. ಮದುವೆ ಆಲ್ಬಮ್ ಎಷ್ಟು ಜನರ ಹತ್ತಿರ ಇದೆ ಅಂತ ಕೇಳಲ್ಲ, ಬಿಡಿ.

ಇನ್ನು ವರ್ಷಗಳು ಉರುಳಿದ ಮೇಲಿನ ಕತೆ.

ಅಮೆರಿಕದಲ್ಲಿ ಲಿಯಾನ್ ಚೆಸ್ಲಿ ಅಂತ ಒಬ್ಬರಿದ್ದರು. ಓದಿದ್ದು ಪ್ರಾಣಿಶಾಸ್ತ್ರ, ಬದುಕಿಡೀ ಕೆಲಸ ಮಾಡಿದ್ದು ಬಸುರಿಯರ ಬಿಪಿ ಮೇಲೆ. ನ್ಯೂಜೆರ್ಸಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ 1931ರಿಂದ 1951ರವರೆಗೆ ಎಕ್ಲಾಂಪ್ಸಿಯಾ ಬಂದು ಬದುಕುಳಿದ 270 ಹೆಂಗಸರನ್ನು ಅವರು ದಶಕಗಳ ಕಾಲ ಹಿಂಬಾಲಿಸಿದರು. ಮನೆ ಬದಲಿಸಿದರೂ ಬಿಡಲಿಲ್ಲ. ಮೊದಲ ಬಸಿರಿನಲ್ಲಿ ಫಿಟ್ಸ್ ಬಂದವರಿಗೆ ಮುಂದೆ ಬಿಪಿಯ ಅಪಾಯ ಬೇರೆಯವರಿಗಿಂತ ಹೆಚ್ಚೇನಿಲ್ಲ, ಆಮೇಲಿನ ಬಸಿರುಗಳಲ್ಲಿ ಬಂದವರಿಗೆ ಮಾತ್ರ ಇದೆ ಅಂತ ಅವರಿಗೆ ಕಂಡಿತು. ಶ್ರದ್ಧೆಯ ಕೆಲಸ, ದೊಡ್ಡ ಹೆಸರು. "ಚೊಚ್ಚಲಲ್ಲಿ ಬಂದದ್ದು ಹೋಯಿತು" ಅನ್ನುವ ನಮ್ಮ ಧೈರ್ಯದ ಬೇರು ಬಹುಪಾಲು ಅಲ್ಲಿದೆ.

ಆದರೆ 270 ಜನ ಎಲ್ಲಿ, ಲಕ್ಷಗಟ್ಟಲೆ ಜನ ಎಲ್ಲಿ? 2007ರಲ್ಲಿ ಇಂಗ್ಲೆಂಡಿನವರು ಬೇರೆ ಬೇರೆ ದೇಶಗಳ 25 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಸುಮಾರು 35 ಲಕ್ಷ ಹೆಂಗಸರು. ಅವರಲ್ಲಿ ಎರಡು ಲಕ್ಷದಷ್ಟು ಜನರಿಗೆ ಪ್ರೀಎಕ್ಲಾಂಪ್ಸಿಯಾ ಬಂದಿತ್ತು. ಹತ್ತು ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಬಂದವರಿಗೆ ಬಿಪಿ ಕಾಯಿಲೆಯ ಸಾಧ್ಯತೆ ಬಾರದವರಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆ ಎರಡು ಪಟ್ಟು. ಲಕ್ವ, ಅಂದರೆ ಸ್ಟ್ರೋಕ್, ಸುಮಾರು ಎರಡು ಪಟ್ಟು. ಮರುವರ್ಷ ನಾರ್ವೆಯವರು ಕಿಡ್ನಿ ಲೆಕ್ಕ ಕೊಟ್ಟರು. ಚೊಚ್ಚಲಿನಲ್ಲಿ ಪ್ರೀಎಕ್ಲಾಂಪ್ಸಿಯಾ ಬಂದಿದ್ದವರಿಗೆ ಮುಂದೆ ಕಿಡ್ನಿ ಪೂರ್ತಿ ಕೈಕೊಡುವ ಸಾಧ್ಯತೆ ನಾಲ್ಕೂವರೆ ಪಟ್ಟಿಗೂ ಜಾಸ್ತಿ.

ಹೆದರಬೇಡಿ, ಇಲ್ಲೊಂದು ಸೂಕ್ಷ್ಮ ಇದೆ. ಅದೇ ನಾರ್ವೆ ಲೆಕ್ಕದಲ್ಲಿ 5,70,000 ಹೆಂಗಸರಲ್ಲಿ ಕಿಡ್ನಿ ಹೋದವರು 477 ಜನ. ಅಷ್ಟು ಅಪರೂಪದ್ದು ನಾಲ್ಕು ಪಟ್ಟು ಹೆಚ್ಚಾದರೂ ಅಪರೂಪವೇ. ಪಟ್ಟು ಅನ್ನುವ ಮಾತು ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ, ಯಾವುದರ ಪಟ್ಟು ಅಂತ ಕೇಳಿ. ಬಿಪಿಯದ್ದು ಮಾತ್ರ ಹಾಗಲ್ಲ. ಅದು ಮೊದಲೇ ಊರಿಗೆಲ್ಲ ಇರುವ ಕಾಯಿಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ನೂರಕ್ಕೆ 21 ಜನರಿಗೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕೆ ಮಾತ್ರೆ ತಗೊಳ್ಳುತ್ತಿದ್ದಾರೆ. ಇಷ್ಟು ಸಾಮಾನ್ಯವಾದದ್ದು ಇನ್ನಷ್ಟು ಹೆಚ್ಚಾದರೆ ಅದು ಮನೆಮನೆಯ ವಿಷಯ.

ಯಾಕೆ ಹೀಗಾಗುತ್ತದೆ? ಡಾಕ್ಟರುಗಳಲ್ಲೇ ಎರಡು ಮಾತಿದೆ. ಶಿರಾಡಿ ಘಾಟಿ ಹತ್ತುವ ಲಾರಿಗಳನ್ನು ನೋಡಿದ್ದೀರಲ್ವಾ? ಬಯಲಿನಲ್ಲಿ ಚೆನ್ನಾಗಿ ಓಡುತ್ತಿದ್ದ ಲಾರಿ, ಲೋಡು ಹೊತ್ತು ಘಾಟಿ ಹತ್ತುವಾಗ ಹೊಗೆ ಬಿಡುತ್ತದೆ. ಘಾಟಿ ಹಾಳು ಮಾಡಿತೋ, ಮೊದಲೇ ಇಂಜಿನ್‌ನಲ್ಲಿ ದೋಷ ಇದ್ದು ಘಾಟಿಯಲ್ಲಿ ಕಾಣಿಸಿತೋ? ಕೆಲವರು ಎರಡನೆಯದು ಅಂತಾರೆ. ಬಸಿರು ಅಂದರೆ ಹೃದಯ ಒಂದೂವರೆ ಪಟ್ಟಿನ ಹತ್ತಿರ ರಕ್ತ ತಳ್ಳಬೇಕಾದ ಕಾಲ. ಮುಂದೆ ಬರಬೇಕಿದ್ದ ಕಾಯಿಲೆ ಆಗ ಮುಖ ತೋರಿಸಿ ಹೋಗುತ್ತದೆ. ಇನ್ನು ಕೆಲವರು, ಪ್ರೀಎಕ್ಲಾಂಪ್ಸಿಯಾದಲ್ಲಿ ಕೆಟ್ಟ ಒಳಪದರ ಪೂರ್ತಿ ರಿಪೇರಿ ಆಗುವುದೇ ಇಲ್ಲ ಅಂತಾರೆ. ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ ನನಗೆ ಅನ್ನಿಸುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗಬೇಕು ಅನ್ನುವುದರಲ್ಲಂತೂ ಜಗಳವಿಲ್ಲ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಎದೆನೋವು ಅಂತ ಹೋದ 48ರ ಗಂಡಸಿಗೆ ಸಿಗರೇಟು ಸೇದ್ತೀರಾ ಅಂತ ಕೇಳುತ್ತಾರೆ. ಎದೆನೋವು ಅಂತ ಹೋದ 48ರ ಹೆಂಗಸಿಗೆ, "ನಿಮ್ಮ ಬಸಿರಲ್ಲಿ ಬಿಪಿ ಬಂದಿತ್ತಾ, ಮಗು ಹೊತ್ತಿಗೆ ಮುಂಚೆ ಹುಟ್ಟಿತ್ತಾ, ಆಗ ಶುಗರ್ ಇತ್ತಾ" ಅಂತ ಎಷ್ಟು ಜನ ಕೇಳುತ್ತಾರೆ? ಅಮೆರಿಕದ ಹೃದಯ ಸಂಘ 2011ರಲ್ಲೇ ಇದನ್ನು ಹೆಂಗಸರ ಹೃದಯಕ್ಕೆ ಅಪಾಯ ತರುವ ಸಂಗತಿಗಳ ಪಟ್ಟಿಗೆ ಸೇರಿಸಿದೆ. ಕೇಳದಿದ್ದರೆ ನೀವೇ ಹೇಳಿ. "ಡಾಕ್ಟ್ರೇ, ನನಗೆ ಬಸಿರಲ್ಲಿ ಬಿಪಿ ಇತ್ತು." ಇಷ್ಟು ಹೇಳಿದರೆ ಸಾಕು.

ಏನು ಮಾಡಬೇಕು ಅಂತ ಕೇಳುತ್ತೀರಿ. ಬಸಿರಿನ ಬಿಪಿ ಹೆರಿಗೆಯಾದ ಮೂರು ತಿಂಗಳೊಳಗೆ ಇಳಿಯಬೇಕು. ಇಳಿಯದಿದ್ದರೆ ಅದು ಉಳಿಯುವ ಬಿಪಿ, ಮಾತ್ರೆ ಬೇಕು. ಮೂತ್ರದ ಪ್ರೋಟೀನೂ ಆಗ ಒಮ್ಮೆ ನೋಡಿಸಿ. ಇಳಿದರೆ ಸಂತೋಷ, ಆದರೂ ವರ್ಷಕ್ಕೊಂದು ಸಲ ಬಿಪಿ, ಶುಗರ್. ಕೊಲೆಸ್ಟರಾಲ್ ಎಷ್ಟು ವರ್ಷಕ್ಕೊಮ್ಮೆ ಅನ್ನುವುದನ್ನು ಡಾಕ್ಟರು ಹೇಳುತ್ತಾರೆ. ಮಗುವಿನ ಹುಟ್ಟುಹಬ್ಬದ ವಾರ ಮಾಡಿಸಿಬಿಡಿ, ಮರೆಯಲ್ಲ. ಸರ್ಕಾರದ ತಪಾಸಣೆ 30 ದಾಟಿದವರಿಗೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಇಪ್ಪತ್ತೈದರ ಆಸುಪಾಸಿಗೆ ಎರಡು ಮಕ್ಕಳಾಗಿ ಆಪರೇಷನ್ನೂ ಆಗಿರುತ್ತದೆ. ಅಲ್ಲಿಂದ 30ರವರೆಗೆ ಆಕೆಯ ಹೆಸರು ಯಾರ ರಿಜಿಸ್ಟರಿನಲ್ಲೂ ಇಲ್ಲ. ಆಶಾ ಅಕ್ಕಂದಿರೇ, ಬಸಿರಲ್ಲಿ ಬಿಪಿ ಇದ್ದವರ ಹೆಸರು ನಿಮ್ಮ ಡೈರಿಯಲ್ಲಿ ಬೇರೆ ಹಾಳೆಯಲ್ಲಿ ಬರೆದಿಡಿ ಅಂತ ನಾನು ಎಲ್ಲ ಸಭೆಯಲ್ಲೂ ಹೇಳುತ್ತೇನೆ. ನಿಮಗೆ ಕೆಲಸ ಜಾಸ್ತಿ ಅಂತ ಗೊತ್ತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಮತ್ತು ಎಎನ್ಎಂಗಳು, ಅಂದರೆ ಊರಿನ ಆರೋಗ್ಯ ಸಿಸ್ಟರುಗಳು, ಮನೆಮನೆಗೆ ಹೋಗಿ ಬಸುರಿಯರ ಬಿಪಿ ನೋಡಿದ ಒಂದು ದೊಡ್ಡ ಅಧ್ಯಯನ ಆಗಿದೆ. ನೀವು ಈ ಕೆಲಸ ಮಾಡಬಲ್ಲಿರಿ ಅಂತ ಅದರಲ್ಲಿ ಗೊತ್ತಾಯಿತು. ಆದರೆ ಒಟ್ಟು ಸಾವುನೋವು ಅದರಿಂದ ಇಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಅಳೆದು ಕಳಿಸಿದ ಮೇಲೆ ಮುಂದಿನ ಆಸ್ಪತ್ರೆಯೂ ಕೆಲಸ ಮಾಡಬೇಕಲ್ಲ.

ಮಾತ್ರೆ ಬಗ್ಗೆ ಎರಡು ಹೆದರಿಕೆ ಇದೆ. ಒಂದು, ಹಾಲು ಕುಡಿಸುವಾಗ ಬಿಪಿ ಮಾತ್ರೆ ತಗೊಂಡರೆ ಮಗುವಿಗೆ ತೊಂದರೆ ಅಂತ. ಹಾಲು ಕುಡಿಸುವಾಗ ಕೊಡಬಹುದಾದ ಮಾತ್ರೆಗಳಿವೆ, ಅವನ್ನೇ ಕೊಡುತ್ತೇವೆ. ಹಾಲು ನಿಲ್ಲಿಸಬೇಡಿ, ಕುಡಿಸಿದಷ್ಟೂ ತಾಯಿಯ ಬಿಪಿಗೂ ಒಳ್ಳೆಯದು. ಇನ್ನೊಂದು, ಒಮ್ಮೆ ಶುರು ಮಾಡಿದರೆ ಬದುಕಿಡೀ ತಗೋಬೇಕು ಅಂತ. ಬಾಣಂತಿಯರಲ್ಲಿ ಎಷ್ಟೋ ಜನರಿಗೆ ವಾರಗಳಲ್ಲೇ ನಿಲ್ಲಿಸುತ್ತೇವೆ. ಆ ಮೊದಲ ವಾರಗಳಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದಿಟ್ಟರೆ ಮುಂದಕ್ಕೂ ಲಾಭ ಅಂತ ಆಕ್ಸ್‌ಫರ್ಡ್‌ನವರು 2023ರಲ್ಲಿ ತೋರಿಸಿದ್ದಾರೆ. 220 ಬಾಣಂತಿಯರಲ್ಲಿ ಅರ್ಧ ಜನ ಮನೆಯಲ್ಲೇ ದಿನಾ ಬಿಪಿ ನೋಡಿಕೊಂಡು, ಡಾಕ್ಟರಿಗೆ ತಿಳಿಸಿ, ಮಾತ್ರೆ ಹೆಚ್ಚುಕಡಿಮೆ ಮಾಡಿಕೊಂಡರು. ಒಂಬತ್ತು ತಿಂಗಳಾದಾಗ ಅವರ ಬಿಪಿ ಉಳಿದವರಿಗಿಂತ ಕೆಳಗಿತ್ತು.

ಇನ್ನೊಂದು ಮಗು ಬೇಕು ಅನ್ನುವವರು ಮೊದಲೇ ಬಂದು ಮಾತಾಡಿ. ಕೆಲವು ಬಿಪಿ ಮಾತ್ರೆಗಳು ಬಸಿರಿಗೆ ಆಗಿಬರುವುದಿಲ್ಲ, ಬದಲಿಸಬೇಕು. ಹಿಂದೆ ಬಂದವರಲ್ಲಿ ಆರೇಳು ಜನರಿಗೆ ಒಬ್ಬರಂತೆ ಮತ್ತೆ ಬರುತ್ತದೆ. ಅಂಥವರಿಗೆ ಮೂರನೇ ತಿಂಗಳಿನಿಂದ ರಾತ್ರಿ ಸಣ್ಣ ಡೋಸ್ ಆಸ್ಪಿರಿನ್ ಕೊಡುತ್ತೇವೆ. 2017ರ ಒಂದು ಅಧ್ಯಯನದಲ್ಲಿ, ದಿನ ತುಂಬುವ ಮುಂಚೆ ಬರುವ ಪ್ರೀಎಕ್ಲಾಂಪ್ಸಿಯಾ ಇದರಿಂದ ಅರ್ಧಕ್ಕಿಂತ ಕೆಳಗೆ ಇಳಿಯಿತು. ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಕೇಳಿ ತಗೊಳ್ಳಿ. ಕ್ಯಾಲ್ಸಿಯಂ ಮಾತ್ರೆಯನ್ನು ಬಿಸಾಡುವವರು ದಯವಿಟ್ಟು ಕೇಳಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಅದು ಮೂಳೆಗಷ್ಟೇ ಅಲ್ಲ, ಈ ಕಾಯಿಲೆ ತಡೆಯಲಿಕ್ಕೂ ಬೇಕು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರು 11,000 ಬಸುರಿಯರ ಮೇಲೆ ಮಾಡಿದ ಕೆಲಸ 2024ರಲ್ಲಿ ಪ್ರಕಟವಾಯಿತು. ದಿನಕ್ಕೆ 1500 ಮಿಲಿಗ್ರಾಂ ಕೊಟ್ಟರೂ 500 ಕೊಟ್ಟರೂ ಪ್ರೀಎಕ್ಲಾಂಪ್ಸಿಯಾ ಬರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೂರು ಮಾತ್ರೆ ಒಂದಕ್ಕೆ ಇಳಿಯಬಹುದು. ಒಂದಾದರೂ ನುಂಗುತ್ತೀರಿ ಅಲ್ವಾ? ರಾಗಿಯಲ್ಲೂ ಇದೆ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮುದ್ದೆ ಬಿಟ್ಟು ಬಿಸ್ಕತ್ತಿಗೆ ಹೋದವರು ನಾವೇ.

ಆ ಬೆಂಚಿನ ಅಮ್ಮನ ಕತೆ ಮುಗಿಸಿಲ್ಲ. ತಾಯಿಗೆ ಬಂದಿದ್ದರೆ ಮಗಳಿಗೆ ಬರುವ ಸಾಧ್ಯತೆ ಜಾಸ್ತಿ. ಆ ಹುಡುಗಿಗೆ ಚೊಚ್ಚಲು ಬೇರೆ. ಮೂರನೇ ತಿಂಗಳಲ್ಲೇ ನಮಗೆ ಅಮ್ಮನ ವಿಷಯ ಗೊತ್ತಾಗಿದ್ದರೆ ಆಸ್ಪಿರಿನ್ ಶುರು ಮಾಡಬಹುದಿತ್ತು. ಏಳನೇ ತಿಂಗಳಿಗೆ ತಡವಾಗಿತ್ತು. ವಾರವಾರ ಕರೆಸಿದೆವು. ಒಂಬತ್ತನೇ ತಿಂಗಳಲ್ಲಿ 150/100 ಆಯಿತು, ಅಡ್ಮಿಟ್ ಮಾಡಿ ನೋವು ಬರಿಸಿ ಹೆರಿಗೆ ಮಾಡಿಸಿದೆವು. ಹೆಣ್ಣು ಮಗು. ಅಮ್ಮ ಈಗ ದಿನಕ್ಕೆ ಎರಡು ಮಾತ್ರೆ ತಗೊಳ್ಳುತ್ತಾಳೆ, ಮೂತ್ರದ ಪ್ರೋಟೀನ್ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇಬ್ಬರ ಚೀಟಿಗಳೂ ಸೀರೆ ಅಂಗಡಿಯ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆ. ಕವರು ಯಾರದ್ದು ಅಂತ ಕೇಳಿದರೆ ಮೊಮ್ಮಗಳದ್ದು ಅಂತಾಳೆ. "ಅವಳು ಬಸುರಿ ಆದಾಗ ಬೇಕಾಗುತ್ತಲ್ಲ ಮೇಡಂ."

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ಮನೆಗೆ ಬಿಪಿ ಮೆಷಿನ್ ತಗೋಬಹುದಾ, ಯಾವುದು? ತಗೊಳ್ಳಿ. ಮೇಲ್ದೋಳಿಗೆ ಕಟ್ಟುವುದನ್ನೇ ತಗೊಳ್ಳಿ, ಮಣಿಕಟ್ಟಿನದು ಬೇಡ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ, ಚಿಕ್ಕ ಪಟ್ಟಿ ಕಟ್ಟಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಬಸುರಿಯರಿಗೂ ಸರಿಯಾಗಿ ತೋರಿಸುತ್ತಾ ಅಂತ ಡಾಕ್ಟರನ್ನು ಕೇಳಿ ತಗೊಂಡರೆ ಒಳ್ಳೆಯದು. ನೋಡುವ ಮುಂಚೆ ಐದು ನಿಮಿಷ ಬೆನ್ನು ಆನಿಸಿ ಕೂರಿ, ಕಾಲು ನೆಲದ ಮೇಲಿರಲಿ, ಮಾತು ಬೇಡ. ಹೊರಗೆ ಜಗಲಿಯಲ್ಲಿ ನಮ್ಮ ಸಿಸ್ಟರು ಎರಡು ಮೆಷಿನ್ ಇಟ್ಟುಕೊಂಡು ಕೂತಿದ್ದಾರೆ. ಊಟದ ಸಾಲಿಗೆ ಹೋಗುವ ಮುಂಚೆ ಆ ಸಾಲಿಗೆ ಬನ್ನಿ. ರವಿಕೆ ತೋಳು ಬಿಗಿ ಇದ್ದವರಿಗೆ ಪಕ್ಕದಲ್ಲಿ ಪರದೆ ಕಟ್ಟಿದ್ದೇವೆ. ಮಗಳ ಜೊತೆ, ಸೊಸೆ ಜೊತೆ ಬಂದವರು ಮೊದಲು.